ಮೂರಂತಸ್ತಿನ ಕಟ್ಟಡದಲ್ಲಿ ಸರಿದ ಮೇಜು

೧೯೪೧ರಲ್ಲಿ ನಾನು ಹಾಸನ ಜಿಲ್ಲೆಯ ಒಂದು ಪುರಸಭೆಯಲ್ಲಿ ಓವರ್‌ಸೀಯರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಸಂಬಂಧಪಟ್ಟವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ, ಗೊತ್ತಿರುವವರಿಗೆ ಹೆಸರು ಹೇಳದೆಯೂ ಗೊತ್ತಾಗುತ್ತದೆ. ಆ ಕಾಲದಲ್ಲಿ ಓವರ್‌ಸೀಯರ್ ಎಂದರೆ ಚರಂಡಿಯಿಂದ ಹಿಡಿದು ಸ್ಮಶಾನದ ಕಾಂಪೌಂಡಿನ ತನಕ ಎಲ್ಲಕ್ಕೂ ಒಬ್ಬನೇ. ಊರಲ್ಲಿ ಯಾರು ಏನು ಕಟ್ಟಿದರೂ ಪ್ಲಾನ್ ನೋಡಿ ಶಿಫಾರಸು ಮಾಡುವುದು, ಕೆಲಸ ನಡೆಯುವಾಗ ಹೋಗಿ ಪರೀಕ್ಷಿಸುವುದು ನನ್ನ ಪಾಲು. ಮಂಜೂರು ಮಾಡುವ ಸಹಿ ಮಾತ್ರ ಅಧ್ಯಕ್ಷರದು. ಸಹಿಯ ಅಧಿಕಾರ ಒಬ್ಬರದು, ಬೈಗುಳ ತಿನ್ನುವ ಅಧಿಕಾರ ನನ್ನದು ಎಂದು ನಾನು ತಮಾಷೆ ಮಾಡುತ್ತಿದ್ದೆ. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ಆ ವರ್ಷಗಳಲ್ಲಿ ನಮ್ಮ ಪೇಟೆಬೀದಿಗೆ ಕಟ್ಟಡದ ಹುಚ್ಚು ಹಿಡಿದಿತ್ತು. ಬಸ್ಸುಗಳು ಹೆಚ್ಚಿದ್ದವು. ಕೋರ್ಟು ಇದ್ದುದರಿಂದ ವಕೀಲರು ಬಂದರು, ವಕೀಲರ ಹಿಂದೆ ವಿಮೆ ಏಜೆಂಟರು, ಟೈಪಿಂಗ್ ಕಲಿಸುವವರು, ಲಾರಿ ಬುಕಿಂಗ್‌ನವರು ಬಂದರು. ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದವರಿಗೆಲ್ಲ ಇದ್ದಕ್ಕಿದ್ದಂತೆ ‘ಆಫೀಸು’ ಬೇಕಾಯಿತು. ಬೋರ್ಡು ಬೇಕು, ಮೆಟ್ಟಿಲು ಬೇಕು, ಮೇಲಿನಿಂದ ಬೀದಿ ಕಾಣಬೇಕು. ಹಳೆಯ ಅಂಗಡಿಗಳ ನೆತ್ತಿಯ ಮೇಲೆ ಮಾಳಿಗೆ ಏರತೊಡಗಿದವು. ಚನ್ನರಾಯಪಟ್ಟಣದಲ್ಲಿ ಒಬ್ಬರು ಎರಡಂತಸ್ತು ಕಟ್ಟಿದರು ಎಂಬ ಸುದ್ದಿ ಬಂದದ್ದೇ ತಡ, ನಮ್ಮೂರಿನ ಕೊಬ್ಬರಿ ಮಂಡಿಯ ಈರಪ್ಪ ಮೂರಂತಸ್ತು ಕಟ್ಟುತ್ತೇನೆಂದು ಪ್ಲಾನ್ ತಂದ.

ಈಗಿನವರು ನಗಬಹುದು, ಆದರೆ ನಮ್ಮ ಪಾಲಿಗೆ ಅದು ಗಗನಚುಂಬಿಯೇ. ಹೊಳೆನರಸೀಪುರದಿಂದ ಸಂತೆಗೆ ಬಂದವರು ರಸ್ತೆಯ ಆಚೆ ಬದಿಗೆ ಹೋಗಿ, ಕತ್ತು ಎತ್ತಿ ನೋಡಿ ಹೋಗುತ್ತಿದ್ದರು. ಕೆಳಗೆ ಅಂಗಡಿ ಮಳಿಗೆಗಳು, ನಡು ಅಂತಸ್ತಿನಲ್ಲಿ ಮತ್ತು ಮೇಲಂತಸ್ತಿನಲ್ಲಿ ಕಚೇರಿ ಕೋಣೆಗಳು. ಯುದ್ಧದಿಂದಾಗಿ ಕಬ್ಬಿಣದ ಗರ್ಡರ್ ಸಿಗುತ್ತಿರಲಿಲ್ಲ. ಆದ್ದರಿಂದ ಮರದ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಇಟ್ಟಿಗೆ ನಿಲ್ಲಿಸಿ ಗಾರೆ ಬಡಿಯುವ ಮದ್ರಾಸ್ ತಾರಸಿ. ಕೆಲಸ ಕೆಟ್ಟದಾಗಿರಲಿಲ್ಲ. ಮೇಜು, ಕುರ್ಚಿ, ಬೀರು, ಓಡಾಡುವ ನಾಲ್ಕು ಜನ, ಇಷ್ಟು ಭಾರಕ್ಕೆ ಆ ತೊಲೆಗಳು ಧಾರಾಳವಾಗಿ ಸಾಕು ಎಂದು ನಾನೇ ಲೆಕ್ಕ ಹಾಕಿ ಶಿಫಾರಸು ಮಾಡಿದೆ. ಪ್ಲಾನಿನಲ್ಲಿ ‘ಕಚೇರಿ ಕೋಣೆ’ ಎಂದೇ ಬರೆದಿತ್ತು.

ಚೈತ್ರದಲ್ಲಿ ಪ್ರವೇಶವಾಯಿತು. ಕೆಳಗಿನ ಮಳಿಗೆಗಳು ಅಂದೇ ಭರ್ತಿ. ನಡು ಅಂತಸ್ತಿನ ಮುಖ್ಯ ಕೋಣೆಯನ್ನು ಹಿಡಿದವರು ನಮ್ಮ ಪುರಸಭೆಯ ಅಧ್ಯಕ್ಷರೇ. ಅವರು ವೃತ್ತಿಯಲ್ಲಿ ವಕೀಲರು. ಬಿಳಿ ಪೇಟ, ಜರಿ ಅಂಚಿನ ಉತ್ತರೀಯ, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುವ ಸಭ್ಯತೆ. ಅವರ ಗುಮಾಸ್ತ ರಂಗಣ್ಣ ಎಂಬಾತ ಅದೇ ಕೋಣೆಯ ಒಳಗೋಡೆಗೆ ಒರಗಿ, ಡೆಸ್ಕು ಹಾಕಿಕೊಂಡು ಬರೆಯುತ್ತಿದ್ದ. ಇಡೀ ತಾಲ್ಲೂಕಿನಲ್ಲಿ ಅಂಥ ಅಕ್ಷರ ಇರಲಿಲ್ಲ. ರಂಗಣ್ಣ ಬರೆದ ಅರ್ಜಿ ಎಂದರೆ ಕೋರ್ಟಿನವರು ಕನ್ನಡಕ ತೆಗೆದು ಓದುತ್ತಾರೆ ಎಂದು ಜನ ಹೇಳುತ್ತಿದ್ದರು. ಅವನ ಮನೆ ನಡೆಯುತ್ತಿದ್ದುದು ಆ ಬಲಗೈಯಿಂದ.

ಮೇಲಂತಸ್ತಿಗೆ ಮಾತ್ರ ಯಾರೂ ಬರಲಿಲ್ಲ. ಬೋರ್ಡಿನ ಆಸೆ ಇದ್ದವರೂ ಎರಡನೆಯ ಏಣಿಮೆಟ್ಟಿಲು ನೋಡಿ ಹಿಂದೆ ಸರಿದರು. ಹಳ್ಳಿಯಿಂದ ಬರುವ ಕಕ್ಷಿದಾರ ಒಂದು ಮಾಳಿಗೆ ಹತ್ತಿಯಾನು, ಎರಡು ಹತ್ತಲಾರ. ಶ್ರಾವಣದ ಹೊತ್ತಿಗೆ ಈರಪ್ಪನ ಸಹನೆ ಮುಗಿಯಿತು. ನಮ್ಮ ಕಡೆಯ ಯಾವ ಮನುಷ್ಯನಾದರೂ ಮಾಡುವ ಕೆಲಸವನ್ನೇ ಅವನೂ ಮಾಡಿದ. ಖಾಲಿ ಬಿದ್ದ ಅಟ್ಟಕ್ಕೆ ಕಾಯಿ ತುಂಬಿದ.

ಇದನ್ನು ತಿಳಿಯದವರಿಗೆ ಹೇಳಬೇಕು. ನಮ್ಮ ಸೀಮೆಯಲ್ಲಿ ಗಿಟುಕು, ಅಂದರೆ ಇಡಿಯಾದ ಒಣಕೊಬ್ಬರಿ, ಮಾಡುವುದು ಬಿಸಿಲಿನಲ್ಲಲ್ಲ, ಅಟ್ಟದಲ್ಲಿ. ಸಿಪ್ಪೆ ಸಮೇತ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಡಲೊಡ ಎನ್ನುತ್ತದೆ. ಅಲ್ಲಿಯ ತನಕ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಹಳೆಯ ಮನೆಗಳ ಅಟ್ಟ ಗಿಡ್ಡ, ಕಂಬಗಳು ಒತ್ತೊತ್ತಾಗಿ ಇರುತ್ತಿದ್ದವು, ಆ ಭಾರ ಮನೆಗೆ ಹೊಸದಲ್ಲ. ಹುಟ್ಟಿದಾಗಿನಿಂದ ತಲೆಯ ಮೇಲೆ ಕಾಯಿ ಇಟ್ಟುಕೊಂಡೇ ಉಂಡು ಮಲಗಿದ ಜನರಿಗೆ ಅದೊಂದು ಭಾರ ಎಂದೇ ತೋರುವುದಿಲ್ಲ. ಈರಪ್ಪನ ಮೇಲಂತಸ್ತಿನಲ್ಲಿ ನಡುವೆ ಒಂದು ಕಂಬವೂ ಇರಲಿಲ್ಲ.

ನನಗೆ ವಿಷಯ ತಿಳಿದದ್ದು ಒಂದು ಬಾಗಿಲಿನಿಂದ. ಸಹಿ ಹಾಕಿಸಲು ಅಧ್ಯಕ್ಷರ ಆಫೀಸಿಗೆ ಹೋದಾಗಲೆಲ್ಲ ಆ ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಶ್ರಾವಣದಲ್ಲಿ ಬಡಗಿ ಬಂದು, ಮಳೆಗೆ ಮರ ಉಬ್ಬಿದೆ ಎಂದು ಹೆರೆದು ಹೋದ. ಕಾರ್ತಿಕದಲ್ಲಿ ಮತ್ತೆ ಹೆರೆದ. ಮಾಘದಲ್ಲಿ, ಬಿಸಿಲು ಚುರುಗುಟ್ಟುವ ದಿನ, ರಂಗಣ್ಣ ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿದ್ದ.

“ಇನ್ನೂ ಉಬ್ಬಿದೆಯೇನಯ್ಯಾ?” ಎಂದೆ.

“ಊಂ ಸಾ. ನಾಳೀಕೆ ಆಚಾರಿ ಬತ್ತಾನೆ, ಇನ್ನೊಂದ್ಸಲ ಎರೀತಾನೆ.”

ತಲೆ ಎತ್ತಿ ನೋಡಿದೆ. ನಡುವಿನ ತೊಲೆ ಬಾಗಿತ್ತು. ಗೋಡೆ ಸೇರುವಲ್ಲಿ ಗಾರೆ ಬಿರುಕು ಬಿಟ್ಟು, ರಂಗಣ್ಣನ ಡೆಸ್ಕಿನ ಮೇಲೆ ಸುಣ್ಣದ ಪುಡಿ ಬಿದ್ದಿತ್ತು. ಅವನು ಅದನ್ನು ಊದಿ ಊದಿ ಬರೆಯುತ್ತಿದ್ದನಂತೆ. ಮೇಲಕ್ಕೆ ಹತ್ತಿದೆ. ಬೀಗ ಹಾಕಿತ್ತು. ಕಿಟಕಿಯ ಸಂದಿನಲ್ಲಿ ಇಣುಕಿದರೆ ಎದೆಯ ಎತ್ತರಕ್ಕೆ ಕಾಯಿ, ಗೋಡೆಯಿಂದ ಗೋಡೆಗೆ.

ಈರಪ್ಪನನ್ನು ಕರೆಸಿದೆ. ಅಧ್ಯಕ್ಷರ ಎದುರಿಗೇ ಮಾತಾಯಿತು.

“ಅಟ್ಟ ಇರಾದೇ ಕಾಯಿ ಆಕಾಕೆ ಸಾ. ಖಾಲಿ ಬುಟ್ರೆ ಇಲಿ ಸೇರ್ಕತವೆ” ಎಂದ ಈರಪ್ಪ.

“ಅದು ಅಟ್ಟವಲ್ಲ, ಕಚೇರಿ ಕೋಣೆ. ತೊಲೆ ಬಾಗಿದೆ. ಈ ಹೊತ್ತೇ ಇಳಿಸಬೇಕು.”

“ಈಗ ಇಳಿಸಿದ್ರೆ ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ರಿಯೂ ಅಲ್ಲ. ಲಡಾಯಿ ಟೈಮು, ರೇಟು ಏರ್ತಾ ಕೂತದೆ. ಶ್ರಾವಣದಗಂಟ ತಡೀರಿ, ನಾನೇ ಇಳಿಸ್ತೀನಿ.”

ನಾನು ನೋಟಿಸು ಬರೆದು ಅಧ್ಯಕ್ಷರ ಮುಂದಿಟ್ಟೆ. ಅವರು ಓದಿ, ಮಡಿಸಿ, ಪೇಪರ್‌ವೇಟಿನ ಕೆಳಗೆ ಇಟ್ಟರು. “ಓವರ್‌ಸೀಯರೇ, ನಿಮ್ಮ ಮನೆಯ ಅಟ್ಟದಲ್ಲಿ ಕಾಯಿ ಇಲ್ಲವೇ? ಜಿಲ್ಲೆಗೇ ಮೊದಲನೆಯ ಮೂರಂತಸ್ತು. ಅದಕ್ಕೆ ನಮ್ಮ ಪುರಸಭೆಯೇ ನೋಟಿಸು ಕೊಟ್ಟರೆ ನಾಳೆ ಈ ಪೇಟೆಯಲ್ಲಿ ಯಾರು ಕಟ್ಟುತ್ತಾರೆ?” ಎಂದರು. ಹೋಗಲಿ, ತೊಲೆಗೆ ಆಸರೆಯಾಗಿ ಎರಡು ಕಂಬವಾದರೂ ಕೊಡಿಸಿ ಎಂದೆ. ಆಫೀಸಿನ ನಡುವೆ ಕಂಬ ಕಂಡರೆ ಕಕ್ಷಿದಾರರು ಹೆದರುತ್ತಾರೆ ಎಂದರು. ಎಷ್ಟು ನಯವಾಗಿ ಹೇಳಿದರೆಂದರೆ, ತಪ್ಪು ನನ್ನದೇ ಇರಬೇಕು ಎನಿಸುವ ಹಾಗೆ.

ನಾನು ಅಂದೇ ಹಾಸನದ ಮೇಲಧಿಕಾರಿಗಳಿಗೆ ಬರೆದೆ. ಉತ್ತರಕ್ಕೆ ಕಾಯುತ್ತಿರುವಾಗ ಒಂದು ದಿನ ಮತ್ತೆ ಆ ಮಾಳಿಗೆ ಹತ್ತಿದೆ. ಅಧ್ಯಕ್ಷರು ಕೋಣೆಯಲ್ಲಿರಲಿಲ್ಲ. ಅವರ ತೇಗದ ಮೇಜು, ಒರಗುಕುರ್ಚಿ, ಕಾನೂನು ಪುಸ್ತಕದ ಬೀರು ಎಲ್ಲವೂ ಬೀದಿ ಕಡೆಯ ಪಡಸಾಲೆಗೆ ಬಂದಿದ್ದವು. ಮೇಲಂತಸ್ತು ಆ ಪಡಸಾಲೆಯ ಮೇಲೆ ಚಾಚಿರಲಿಲ್ಲ, ಅದಕ್ಕೆ ಬರೀ ಹೆಂಚಿನ ಮಾಡು. “ಒಳಗೆ ಸೆಕೆ. ಇಲ್ಲಿ ಗಾಳಿ ಚೆನ್ನಾಗಿದೆ” ಎಂದರು ಅಧ್ಯಕ್ಷರು, ನನ್ನ ಮುಖ ನೋಡದೆ.

ರಂಗಣ್ಣನ ಡೆಸ್ಕು ಒಳಗೇ ಇತ್ತು. ಅದೇ ತೊಲೆಯ ಕೆಳಗೆ.

ಅಲ್ಲಿಯ ತನಕ ನಾನು ಅವರನ್ನು ಮೊಂಡ, ದಡ್ಡ ಎಂದುಕೊಂಡಿದ್ದೆ. ದಡ್ಡತನವನ್ನು ಕ್ಷಮಿಸಬಹುದು. ಇವರಿಗೆ ಎಲ್ಲ ಅರ್ಥವಾಗಿತ್ತು. ನನ್ನ ಮಾತನ್ನು ಅಕ್ಷರಶಃ ನಂಬಿ, ತಮ್ಮ ಒಂದು ಜೀವಕ್ಕೆ ಮಾತ್ರ ಅದನ್ನು ಜಾರಿ ಮಾಡಿಕೊಂಡಿದ್ದರು. ನನಗೆ ಹೇಸಿಗೆಯಾಗಿ, ಕೊಟ್ಟ ಕಾಫಿಯನ್ನು ಹಾಗೆಯೇ ಬಿಟ್ಟು ಎದ್ದೆ. ಒಳಗೆ ಹೋಗಿ, “ರಂಗಣ್ಣ, ಡೆಸ್ಕು ಎತ್ತಿಕೊಂಡು ನೀನೂ ಹೊರಗೆ ಬಾ” ಎಂದೆ.

“ಯಜಮಾನ್ರು ಬಾ ಅಂದಿಲ್ವಲ್ಲ ಸಾ. ಕಕ್ಷಿದಾರರ ಮುಂದೆ ಗುಮಾಸ್ತ ಅವರ ಪಕ್ಕದಾಗೆ ಕೂತ್ರೆ ಚೆಂದಾಗಿರಕಿಲ್ಲ ಅಂತಾರೆ. ಬುಟ್ಟೋದ್ರೆ ಮನೇಲಿ ಐದು ಬಾಯಿ ಅವೆ.”

ಅಧ್ಯಕ್ಷರಿಗೂ ಹೇಳಿದೆ. “ನೋಡೋಣ” ಎಂದರು.

ಹಾಸನದ ಉತ್ತರಕ್ಕಿಂತ ಮುಂಚೆಯೇ ನೋಡುವ ದಿನ ಬಂತು. ಸಂತೆಯ ದಿನ, ಮಧ್ಯಾಹ್ನ. ನಾನು ಆ ಕಟ್ಟಡದ ಎದುರಿಗೇ ಚರಂಡಿ ಕೆಲಸ ಮಾಡಿಸುತ್ತಿದ್ದೆ. ಮೇಲಿನಿಂದ ಗುಂಡು ಹೊಡೆದಂತೆ ಒಂದು ಸದ್ದು. ಮೆಟ್ಟಿಲಿನಲ್ಲಿ ಮೊದಲು ಇಳಿದು ಬಂದವರು ಅಧ್ಯಕ್ಷರು, ಪೇಟ ಕೈಯಲ್ಲಿ ಹಿಡಿದುಕೊಂಡು. “ರಂಗಣ್ಣ ಎಲ್ಲಿ?” ಎಂದು ನಾನು ಕೇಳಿದ ಮೇಲೆಯೇ ಅವರಿಗೆ ಅವನ ನೆನಪಾದದ್ದು. ಕೈಯಿಂದ ಮೇಲೆ ತೋರಿಸಿದರು.

ಚರಂಡಿ ಕೆಲಸದ ಆಳುಗಳನ್ನು ಹಾರೆಯೊಂದಿಗೆ ಕರೆದುಕೊಂಡು ಹತ್ತಿದೆ. ತೊಲೆ ಸೀಳಿ ಕೆಳಕ್ಕೆ ಕೂತಿತ್ತು, ಇನ್ನೂ ಬಿದ್ದಿರಲಿಲ್ಲ. ಅದರ ಒತ್ತಡಕ್ಕೆ ಚೌಕಟ್ಟು ಅಮುಕಿಕೊಂಡು, ಸಂತೆಯ ಗದ್ದಲಕ್ಕೆಂದು ಮುಚ್ಚಿದ್ದ ಬಾಗಿಲು ಕದಲದಂತೆ ಸಿಕ್ಕಿತ್ತು. ಮೂರು ಸಲ ಹೆರೆದ ಬಾಗಿಲು. ಒಳಗಿನಿಂದ ರಂಗಣ್ಣ ಬಡಿಯುತ್ತಿದ್ದ. “ಸಾ, ಪುಡಿ ಸುರೀತಾ ಅದೆ ಸಾ!” ಆಳುಗಳು ಹಾರೆ ಎತ್ತಿದಾಗ ಹಿಂದಿನಿಂದ ಈರಪ್ಪ ಓಡಿಬಂದು ಕಿರುಚಿದ: “ಬಾಗ್ಲು ಒಡೀಬ್ಯಾಡ್ರಲಾ, ತೇಗದ್ದು ಕಣ್ರಲಾ ಅದು! ಆಚಾರಿ ಬತ್ತಾನೆ, ಒಸಿ ತಡ್ಕಳಿ!”

ನನ್ನ ಸರ್ವಿಸಿನಲ್ಲಿ ಒಬ್ಬರ ಮೇಲೆ ಕೈ ಮಾಡಿದ್ದು ಆವತ್ತು ಮಾತ್ರ. ಈರಪ್ಪನನ್ನು ಗೋಡೆಗೆ ತಳ್ಳಿದೆ. ಹಲಗೆ ಒಡೆಯಿತು. ರಂಗಣ್ಣನ ತಲೆ ಬಂತು, ಎಡಗೈ ಬಂತು, ಸೊಂಟದ ತನಕ ಎಳೆದೆವು. ಅಷ್ಟರಲ್ಲಿ ತಾರಸಿ ಕಾಯಿ ಸಮೇತ ಕುಸಿಯಿತು. ಬಲಗೈ ಇನ್ನೂ ಒಳಗಿತ್ತು.

ಅವನನ್ನು ಎತ್ತಿಕೊಂಡು ಇಳಿಯುವಾಗ ನಮಗಿಂತ ಮುಂಚೆ ಕಾಯಿಗಳು ಇಳಿಯುತ್ತಿದ್ದವು. ಒಡೆದ ಬಾಗಿಲಿನಿಂದ ನುಗ್ಗಿ, ಮೆಟ್ಟಿಲ ಮೇಲೆ ಉರುಳಿ ಬೀದಿಗೆ ಬಿದ್ದವು. ಸಂತೆಗೆ ಬಂದ ಜನ, ನನಗೆ ದಿನವೂ ನಮಸ್ಕಾರ ಹೇಳುವ ಜನ, ಮಡಿಲಿಗೆ, ಟವೆಲ್ಲಿಗೆ, ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ದಾರಿ ಬಿಡಿ ಎಂದು ಕೂಗಿದೆ. ಬಿಟ್ಟರು. ಬಿಟ್ಟ ದಾರಿಯಲ್ಲೂ ಬಗ್ಗಿ ಹೆಕ್ಕಿದರು. ಒಬ್ಬ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಇನ್ನೂ ನೀರಿದೆ ಎಂದು ಬಿಸಾಡಿ ಬೇರೆಯದನ್ನು ತೆಗೆದುಕೊಂಡ. ರಂಗಣ್ಣನ ರಕ್ತ ನನ್ನ ಕೋಟಿನ ಮೇಲೆ ಹರಿಯುತ್ತಿತ್ತು. ಥೂ! ಇಷ್ಟು ವರ್ಷವಾದರೂ ಆ ಲೊಡಲೊಡ ಸದ್ದು ಕೇಳಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ರಂಗಣ್ಣ ಬದುಕಿದ. ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು. ವಿಚಾರಣೆ ನಡೆಯಿತು. ಮಳೆಗಾಲದಲ್ಲಿ ನೀರು ಇಳಿದು ಮರ ಕೊಳೆತಿತ್ತು ಎಂದು ತೀರ್ಮಾನವಾಯಿತು. ಕಾಯಿಯ ಮಾತು ಯಾರ ಹೇಳಿಕೆಯಲ್ಲೂ ಬರಲಿಲ್ಲ. ಅಟ್ಟದಲ್ಲಿ ಕಾಯಿ ಇತ್ತು ಎಂದು ಹೇಳುವುದು, ಅಡುಗೆಮನೆಯಲ್ಲಿ ಒಲೆ ಇತ್ತು ಎಂದು ಹೇಳಿದಂತೆ ಅವರಿಗೆ. ನಾನು ಹೇಳಿದ್ದನ್ನು ಕೇಳಿಸಿಕೊಂಡು, ಬರೆದುಕೊಳ್ಳಲಿಲ್ಲ.

ಮುಂದಿನ ಶ್ರಾವಣದ ವೇಳೆಗೆ ಕಟ್ಟಡ ರಿಪೇರಿಯಾಗಿ, ಸುಣ್ಣ ಬಳಿದುಕೊಂಡು ಮತ್ತೆ ಊರಿನ ಹೆಮ್ಮೆಯಾಗಿತ್ತು. ಅದೇ ಅಳತೆಯ ತೊಲೆ. ನಡು ಅಂತಸ್ತಿನ ಕೋಣೆಯಲ್ಲಿ ಹೊಸ ಗುಮಾಸ್ತ, ಇನ್ನೂ ಮೀಸೆ ಸರಿಯಾಗಿ ಬಲಿಯದವನು, ರಂಗಣ್ಣ ಕೂರುತ್ತಿದ್ದಲ್ಲಿಯೇ ಕೂತು ಬರೆಯುತ್ತಿದ್ದ. ಮೇಲೆ ಈ ಸಲ ಏನೂ ಇಲ್ಲ ಎಂದು ಈರಪ್ಪ ದೇವರ ಮೇಲೆ ಆಣೆ ಇಟ್ಟ. “ಬೇಕಾದರೆ ಹತ್ತಿ ನೋಡಿ, ಬೀಗದ ಕೈ ಕೊಡಿಸುತ್ತೇನೆ” ಎಂದರು ಅಧ್ಯಕ್ಷರು.

ನಾನು ಹತ್ತಲಿಲ್ಲ. ಅಧ್ಯಕ್ಷರ ಮೇಜು ಎಲ್ಲಿದೆ ಎಂದು ನೋಡಿದೆ. ಪಡಸಾಲೆಯಲ್ಲಿ, ಹೆಂಚಿನ ಕೆಳಗೇ ಇತ್ತು.

ಒಳಗೆ ಹೋಗಿ ಆ ಹೊಸಬನ ಡೆಸ್ಕನ್ನು ನಾನೇ ಎತ್ತಿ ತಂದು, ಕಕ್ಷಿದಾರರೆಲ್ಲ ನೋಡುತ್ತಿರುವಂತೆ ಅಧ್ಯಕ್ಷರ ಮೇಜಿಗೆ ತಾಗಿಸಿ ಇಟ್ಟೆ. “ಇಲ್ಲೇ ಕೂತು ಬರಿ. ಯಜಮಾನರಿಗೆ ಸುರಕ್ಷಿತವಾದ ಜಾಗ ನಿನಗೂ ಆದೀತು” ಎಂದೆ. ಅಧ್ಯಕ್ಷರು ಒಳಗೇ ಇಡಿ ಎಂದು ಹೇಳಿದ್ದರೆ ಏಕೆ ಎಂದು ಅಲ್ಲಿದ್ದವರು ಕೇಳುತ್ತಿದ್ದರು. ಡೆಸ್ಕು ಅಲ್ಲೇ ಉಳಿಯಿತು.

ಸ್ವಲ್ಪ ದಿನದಲ್ಲೇ ನನ್ನನ್ನು ಅರಕಲಗೂಡಿಗೆ ವರ್ಗ ಮಾಡಿದರು. ನಿವೃತ್ತಿಯ ತನಕ ಎಷ್ಟೋ ಕಟ್ಟಡ ಪರೀಕ್ಷಿಸಿದೆ. ಪ್ಲಾನ್ ನೋಡಿದೆ, ತೊಲೆ ಅಳೆದೆ, ಗಾರೆ ಕೆರೆದು ನೋಡಿದೆ. ಆದರೆ ಒಳಗೆ ಕಾಲಿಟ್ಟ ಕೂಡಲೇ ಮೊದಲು ನೋಡುತ್ತಿದ್ದುದು ಯಜಮಾನ ಎಲ್ಲಿ ಕೂತಿದ್ದಾನೆ, ಅವನ ಗುಮಾಸ್ತ ಎಲ್ಲಿ ಕೂತಿದ್ದಾನೆ ಎಂದು. ಇಬ್ಬರೂ ಒಂದೇ ಸೂರಿನ ಕೆಳಗಿದ್ದರೆ ಮಾತ್ರ ಟೇಪು ಬಿಚ್ಚುತ್ತಿದ್ದೆ; ಬೇರೆ ಬೇರೆ ಕೂತಿದ್ದರೆ ಅಳೆಯದೆಯೇ ಉತ್ತರ ಸಿಕ್ಕಿರುತ್ತಿತ್ತು.