ಗಾಜಿಲ್ಲದ ಒಲೆ ಸಿಗುತ್ತದೆಯೇ?

ಕಳೆದ ತಿಂಗಳ ಒಂದು ಶನಿವಾರ ನನ್ನ ಗಂಡ ಒಲೆ ಅಂಗಡಿಯಿಂದ ಹೇಳದೆ ಕೇಳದೆ ಎದ್ದು ಹೊರಟುಹೋದ.

ಸೇಲ್ಸ್‌ಮನ್ನು ಬಿಳಿ ಗಡ್ಡದ, ಮಾತುಗಾರ ಮನುಷ್ಯ. ಅವನ ವಾಕ್ಯ ಇನ್ನೂ ಅರ್ಧ ಬಾಯಲ್ಲೇ ಇತ್ತು. ಬಾಗಿಲು ನೋಡಿದ, ನನ್ನ ಮುಖ ನೋಡಿದ. ನಾನೇನು ಹೇಳಲಿ? ಪೆದ್ದುಪೆದ್ದಾಗಿ ನಕ್ಕು, ಸಾರಿ ಅಂದು, ಬ್ಯಾಗು ಎತ್ತಿಕೊಂಡು ಹಿಂದೆಯೇ ಓಡಿದೆ. ಪಾರ್ಕಿಂಗ್ ಲಾಟಿನಲ್ಲಿ ಜಿಟಿಜಿಟಿ ಮಳೆ. ಗಂಡ ಕಾರಿನಲ್ಲಿ ಕೂತು ಸ್ಟೀರಿಂಗ್ ಹಿಡಿದಿದ್ದ. ಕಾರು ಸ್ಟಾರ್ಟ್ ಮಾಡಿರಲಿಲ್ಲ.

(ಗಂಡನನ್ನು ಏಕವಚನದಲ್ಲಿ ಬರೆಯುತ್ತೀರಿ ಎಂದು ಈ ಅಂಕಣಕ್ಕೆ ಪ್ರತಿ ಸಲ ಮೇಲ್ ಕಳಿಸುವ ಹಿರಿಯರು ಇವತ್ತೊಂದು ದಿನ ನನ್ನನ್ನು ಬಿಟ್ಟುಬಿಡಿ. ಮನಸ್ಸು ಸರಿಯಿಲ್ಲ.)

ಒಲೆ ಯಾಕೆ ಅಂತ ಮೊದಲು ಹೇಳುತ್ತೇನೆ. ಲಿವರ್‌ಮೋರಿನಲ್ಲಿ ನಮ್ಮದು ಹಳೆಯ ಕಾಲದ ಮನೆ. ಹಾಲಿನ ಗೋಡೆಯಲ್ಲಿ ಇಟ್ಟಿಗೆಯ ಫೈರ್‌ಪ್ಲೇಸು ಇದೆ. ಇಲ್ಲಿ, ಹೊರದೇಶದಲ್ಲಿ, ನಮ್ಮವರ ಮನೆಗಳಲ್ಲಿ ಫೈರ್‌ಪ್ಲೇಸು ಯಾತಕ್ಕೆ ಉಪಯೋಗ? ಮೇಲೆ ಟೀವಿ, ಮುಂದೆ ದಸರಾ ಗೊಂಬೆ, ಮಿಕ್ಕ ದಿನ ಒಳಗೊಂದು ಹಿತ್ತಾಳೆ ದೀಪ. ನಮ್ಮದೂ ಅಷ್ಟೇ. ಬೆಂಕಿ ಹಾಕಿದವರೇ ಅಲ್ಲ.

ಜನವರಿಯ ಬಿರುಗಾಳಿಗೆ ಕರೆಂಟು ಹೋಯಿತು. ಹೋಯಿತು ಅಂದರೆ ದಿನಗಟ್ಟಲೆ ಹೋಯಿತು. ನಮ್ಮ ಹೀಟರು ಗ್ಯಾಸಿನದಲ್ಲವಾ, ಚಿಂತೆಯಿಲ್ಲ ಅಂತ ನಾನು ಆರಾಮಾಗಿದ್ದೆ. ಆ ಗ್ಯಾಸ್ ಹೀಟರಿನ ಫ್ಯಾನು ತಿರುಗೋಕೂ ಕರೆಂಟೇ ಬೇಕಂತೆ! ಮನೆ ಫ್ರಿಜ್ಜಾಯಿತು. ನನ್ನ ಅತ್ತೆ ಎರಡು ಸ್ವೆಟರು, ಶಾಲು, ಮಂಕಿ ಕ್ಯಾಪು ಹಾಕಿಕೊಂಡು ಕಂಫರ್ಟರಿನೊಳಗೆ ಮುದುರಿ ಕೂತರು. ಬೆರಳು ಮಡಚಲು ಬರುತ್ತಿರಲಿಲ್ಲ, ಕಾಫಿ ಲೋಟ ನಾನೇ ಹಿಡಿದು ಕುಡಿಸಿದೆ. ಆಮೇಲೆ ಕೆಮ್ಮು ಶುರುವಾಗಿ ಎದೆಗಿಳಿಯಿತು. ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಹೇಳಿದರು: ಈ ವಯಸ್ಸಿನಲ್ಲಿ ಇನ್ನೊಂದು ಸಲ ಹೀಗಾದರೆ ಕಷ್ಟ, ಬೆಚ್ಚಗಿಡಿ.

ಬೇರೆ ಕಡೆ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಿಲ್ಪಿಟಾಸಿನ ಗೆಳತಿ ಕರೆದಳು, ಪಾಪ. ಅತ್ತೆ ಒಪ್ಪಲಿಲ್ಲ. ನನ್ನ ಮಾವ ಹೋದ ವರ್ಷ ಆಗಸ್ಟಿನಲ್ಲಿ ಇಲ್ಲೇ, ನಮ್ಮ ಮನೆಯಲ್ಲೇ ತೀರಿಕೊಂಡರು. ಇನ್ನೂ ವರ್ಷ ತುಂಬಿಲ್ಲ. "ವರ್ಷಾಂತಕ ಆಗೂತನಾ ಮಂದಿ ಮನಿಗೆ ಹೋಗಿ ಇರಬಾರದವಾ ನಾ," ಅಂದರು. ಹೋಟೆಲ್ಲು? ಅದಕ್ಕೂ ಬೇಡ ಅಂತ ತಲೆಯಾಡಿಸಿಬಿಟ್ಟರು. ಅತ್ತೆ ಹುಬ್ಬಳ್ಳಿಯವರು. ಒಮ್ಮೆ ಇಲ್ಲ ಅಂದರೆ ಮುಗಿಯಿತು.

ಹಾಗಾಗಿ ಕಟ್ಟಿಗೆ ಒಲೆ. ಬರಿ ಫೈರ್‌ಪ್ಲೇಸಿನಲ್ಲಿ ಕಟ್ಟಿಗೆ ಉರಿಸಿದರೆ ಕಾವೆಲ್ಲ ಚಿಮಣಿಯಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ಇನ್ಸರ್ಟು ಅಂತ ಸಿಗುತ್ತದೆ: ಇಟ್ಟಿಗೆಯ ಗೂಡಿನೊಳಕ್ಕೆ ತಳ್ಳಿ ಕೂರಿಸುವ ಕಬ್ಬಿಣದ ಒಲೆ. ಮುಂದೆ ಗಾಜಿನ ಬಾಗಿಲು, ಮೇಲೆ ಚಿಮಣಿಯುದ್ದಕ್ಕೂ ಉಕ್ಕಿನ ಕೊಳವೆ. ಕಟ್ಟಿಗೆ ಕಡಿಮೆ, ಹೊಗೆ ಕಡಿಮೆ, ಕರೆಂಟಿಲ್ಲದಿದ್ದರೂ ಮನೆ ಬೆಚ್ಚಗೆ. (ಗಾಳಿ ಕೆಟ್ಟ ದಿನ ಉರಿಸುವ ಹಾಗಿಲ್ಲ ಎಂಬ ನಿಯಮವಿದೆ. ಕರೆಂಟು ಹೋದಾಗ ವಿನಾಯಿತಿ ಉಂಟು.)

ಸರಿ, ತಗೊಳ್ಳೋಣ ಅಂದ ನನ್ನ ಗಂಡ ಗುರುರಾಜ. ಗೂಡಿನ ಅಗಲ, ಎತ್ತರ, ಆಳ ಅಳೆದ. ಹಿಂದಿನ ಗೋಡೆ ಮುಂದಿನದಕ್ಕಿಂತ ಕಿರಿದು, ಅದನ್ನೂ ಅಳೆದ. ಇಂಜಿನಿಯರಲ್ಲವೇ! ಆಮೇಲೆ ಅಂಗಡಿ ಸುತ್ತುವುದು ಶುರುವಾಯಿತು. ಒಂದು ತುಂಬಾ ದೊಡ್ಡದು, ಮನೆ ಕಾದ ಕಾವಲಿಯಾಗುತ್ತದೆ. ಇನ್ನೊಂದಕ್ಕೆ ಕಟ್ಟಿಗೆ ತೀರಾ ಚಿಕ್ಕದಾಗಿ ಕಡಿಯಬೇಕು. ಮತ್ತೊಂದರ ಹಿಡಿ ಸರಿಯಿಲ್ಲ. ಹಿಡಿ! ಕೊನೆಗೆ ಎಲ್ಲ ಅಂಗಡಿಯಲ್ಲೂ ಒಂದೇ ಪ್ರಶ್ನೆ: ಗಾಜಿಲ್ಲದ್ದು ಇದೆಯಾ?

ಇಲ್ಲ ಅನ್ನುತ್ತಿದ್ದರು. ಜನ ಕೇಳುವುದೇ ದೊಡ್ಡ ಗಾಜು ಸರ್, ಬೆಂಕಿ ನೋಡೋಕೇ ಅಲ್ಲವಾ ತಗೊಳ್ಳೋದು, ಅಂತ ನಗುತ್ತಿದ್ದರು. ಯಾಕೆ ಗಾಜು ಬೇಡ ಅಂತ ನಾನು ಕೇಳಿದರೆ "ಸೇಫ್ಟಿ" ಅಂತ ಒಂದು ಪದ.

ನನಗೆ ತಲೆ ಕೆಟ್ಟಿತು. "ಮನೆ ತಗೋಬೇಕಾದ್ರೂ ಇಷ್ಟು ಯೋಚನೆ ಮಾಡಿರ್ಲಿಲ್ಲ ನೀನು! ನಿಮ್ಮಮ್ಮಂಗೆ ಕೆಮ್ಮು ನಿಂತಿಲ್ಲ. ಇನ್ನೊಂದು ಸ್ಟಾರ್ಮ್ ಬರತ್ತೆ ಅಂತಿದಾರೆ. ಗಾಜು ಗಾಜು ಅಂತ ಕೂತಿದೀಯಲ್ಲ!" ಅಂದೆ. ಅವನು ಲ್ಯಾಪ್‌ಟಾಪು ಮುಚ್ಚಿ ಎದ್ದು ಹೋದ.

ಆ ಶನಿವಾರ ಬಲವಂತವಾಗಿ ಎಳೆದುಕೊಂಡು ಹೋದೆ. ಗಡ್ಡದವನು ನಮಗಾಗಿ ಒಂದು ಇನ್ಸರ್ಟು ಹೊತ್ತಿಸಿಯೇ ತೋರಿಸಿದ. ಬಾಗಿಲು ಹಾಕಿದ. ಒಳಗೆ ಬೆಂಕಿ ಭಗ್ಗೆಂದು ಮೇಲೆದ್ದಿತು. "ಬಗ್ಗಿ ನೋಡಿ ಸರ್, ಹತ್ತಿರದಿಂದ ನೋಡಿ. ಫ್ಯಾನು ಬೇಕಾದರೆ ಈ ಬಟನ್ನು, ನೀವೇ ಒತ್ತಿ," ಅಂತ ಉತ್ಸಾಹದಿಂದ ಹೇಳುತ್ತಿದ್ದ.

ಗುರು ಬಗ್ಗಿದ. ನೋಡಿದ. ಎದ್ದ. ಹೋದ.

ಕಾರಿನಲ್ಲಿ ನಾನು ಬೈಯಲು ಬಾಯಿ ತೆರೆದಿದ್ದೆ. ಅವನ ಮುಖ ನೋಡಿ ಬೈಗುಳ ಬಿಟ್ಟು ಭುಜದ ಮೇಲೆ ಕೈಯಿಟ್ಟೆ. ಅವನೇ ಹೇಳಿದ. ಇಲ್ಲಿಗೆ ಬಂದು ನನ್ನ ಜತೆ ಸೇರಿ ಅವನ ಮಾತು ಪೂರ್ತಿ ಬೆಂಗಳೂರಾಗಿದೆ. ಸಂಕಟವಾದಾಗ ಮಾತ್ರ ಹುಬ್ಬಳ್ಳಿ ಬರುತ್ತದೆ.

"ಅವತ್ತ ಹೇವರ್ಡಿನ್ಯಾಗ... ನಾ ನೋಡಿಬಿಟ್ಟೆ."

ಮಾವನ ಸಂಸ್ಕಾರ ನಡೆದದ್ದು ಹೇವರ್ಡಿನಲ್ಲಿ. ಇಲ್ಲಿ ಸೌದೆಯಿಲ್ಲ, ಹೊಳೆದಂಡೆಯಿಲ್ಲ. ಯಂತ್ರದ ಬಾಗಿಲು ಮುಚ್ಚುತ್ತಾರೆ, ಮಗ ಬಟನ್ನು ಒತ್ತುತ್ತಾನೆ. ಸಾವಿಗೂ ಇಲ್ಲಿ ಗಂಟೆ ಲೆಕ್ಕದ ಸ್ಲಾಟು. ನಾವೆಲ್ಲ ಮುಂದಿನ ಹಾಲಿನಲ್ಲಿ ಅತ್ತೆಯನ್ನು ಹಿಡಿದುಕೊಂಡು ಕೂತಿದ್ದೆವು. ಒಳಗೆ ಹೋದವರು ಗುರು ಮತ್ತು ಪುರೋಹಿತರು ಇಬ್ಬರೇ. ಬೆಂಕಿ ಕೊಟ್ಟ ಮೇಲೆ ಮಗ ತಿರುಗಿ ನೋಡದೆ ಬರಬೇಕು. ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಇದು? ಗುರು ಬಟನ್ನು ಒತ್ತಿದ. ಪುರೋಹಿತರು ಹೊರಗೆ ನಡೆದರು. ಅವನೂ ಹೊರಟಿದ್ದ. ಅಷ್ಟರಲ್ಲಿ ಅಲ್ಲಿ ಕೆಲಸ ಮಾಡುವ ಮನುಷ್ಯ ಬಹಳ ಮರ್ಯಾದೆಯಿಂದ, ಮೆಲ್ಲಗೆ, "ಸರ್, ಬೇಕಿದ್ದರೆ ಇಲ್ಲಿಂದ ನೋಡಬಹುದು," ಅಂತ ಒಂದು ಪುಟ್ಟ ಗಾಜಿನ ಕಿಂಡಿ ತೋರಿಸಿದನಂತೆ.

ಆ ಮನುಷ್ಯನ ತಪ್ಪೇನಿದೆ? ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಬೇಡ ಅನ್ನಲು ಗುರುವಿಗೆ ಬಾಯಿ ಬರಲಿಲ್ಲ. ಅಪ್ಪನನ್ನು ಅಲ್ಲಿ ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಅಂತಲೂ ಅನಿಸಿತಂತೆ. ಕಿಂಡಿಗೆ ಮುಖವಿಟ್ಟ.

ಏನು ಕಂಡಿತು ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

"ನೋಡಬಾರದಿತ್ತು. ಅಪ್ಪಗ ನಾನೇ ಅಡ್ಡಾದೆ ಅನಸ್ತದ," ಅಂದ. ನನ್ನ ಗಂಡ ರಾಹುಕಾಲ ನೋಡುವವನಲ್ಲ, ಜಾತಕ ಕೇಳಿದರೆ ನಗುವವನು. ಇಂಥದ್ದನ್ನೆಲ್ಲ ನಂಬುತ್ತೀಯಾ ಅಂತ ಕೇಳಿದೆ. "ಇಲ್ಲ," ಅಂದ. ಆಮೇಲೆ ಅತ್ತುಬಿಟ್ಟ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ.

ಯೋಚಿಸಿ ನೋಡಿದೆ. ಮಾವ ಹೋದಾಗ ಇವನನ್ನು ಯಾರು ಮಾತಾಡಿಸಿದರು? ಬಂದವರೆಲ್ಲ "ಅಮ್ಮನ್ನ ಚೆನ್ನಾಗಿ ನೋಡ್ಕೋಪ್ಪಾ" ಅಂದರು. ಹುಬ್ಬಳ್ಳಿಯ ನೆಂಟರಿಗೆ ಸಂಸ್ಕಾರ ನೋಡಲು ವಿಡಿಯೋ ಲಿಂಕು ಕಳಿಸಿದವನು ಇವನು. ಹದಿಮೂರನೆಯ ದಿನದ ಊಟಕ್ಕೆ ಪಾರ್ಕಿಂಗು ಎಲ್ಲಿ ಎಂದು ಬಂದ ಫೋನೆಲ್ಲ ಎತ್ತಿದವನು ಇವನು. ಮಾರನೆಯ ಬೆಳಗ್ಗೆ ಕ್ಯಾಮರಾ ಆಫ್ ಮಾಡಿಕೊಂಡು ಮೀಟಿಂಗಿಗೆ ಕೂತವನೂ ಇವನೇ. ಊರಿನಲ್ಲಾಗಿದ್ದರೆ ಯಾರೋ ಒಬ್ಬ ಸೋದರಮಾವ ತೋಳು ಹಿಡಿದು "ನಡೀ ನಡೀ, ತಿರುಗಬ್ಯಾಡ" ಅಂತ ಎಳೆದುಕೊಂಡು ಬರುತ್ತಿದ್ದ. ಇಲ್ಲಿ ತೋಳು ಹಿಡಿಯುವವರೇ ಇರಲಿಲ್ಲ. ಈ ದೇಶದಲ್ಲಿ ನಮಗೆ ಏನೆಲ್ಲ ಸಿಕ್ಕಿದೆ ಅಂತ ಜಂಬ ಕೊಚ್ಚುತ್ತೇವೆ. ಇದು ಸಿಕ್ಕಿಲ್ಲ.

ಒಲೆ ತಂದೆವು. ತರದೆ ವಿಧಿಯಿರಲಿಲ್ಲ. ಇದ್ದುದರಲ್ಲಿ ಚಿಕ್ಕ ಗಾಜಿನದು. ಕೂರಿಸಿದ ವಾರವೇ ಮತ್ತೆ ಬಿರುಗಾಳಿ ಬಂತು, ಸಂಜೆಗೆ ಕರೆಂಟು ಹೋಯಿತು. ಅತ್ತೆ ಒಲೆಯೆದುರು ಕುರ್ಚಿ ಹಾಕಿಸಿಕೊಂಡು ಎರಡೂ ಅಂಗೈ ಚಾಚಿದರು. "ಎಷ್ಟ ದಿವಸಾತೋ ಮೈ ಹಿಂಗ ಬೆಚ್ಚಗಾಗಿ!" ಅಂದರು. ನನ್ನ ಮಗಳು "ಅಜ್ಜಿ, ದಿಸ್ ಈಸ್ ಸೋ ಕೋಝಿ" ಅಂತ ಅವರ ಕಾಲ ಬಳಿ ಕೂತಳು. ಗುರು ಕಟ್ಟಿಗೆ ತಂದ. ಮುಖ ಅತ್ತ ತಿರುಗಿಸಿಕೊಂಡೇ ಬಾಗಿಲು ತೆಗೆದು ಒಳಗಿಟ್ಟ. ಆಮೇಲೆ ಒಲೆಗೆ ಬೆನ್ನು ಹಾಕಿ ನೆಲದ ಮೇಲೆ ಕೂತ.

"ಯಾಕೋ ಹಂಗ ಕೂತಿ? ಇತ್ತಾಗ ತಿರುಗು, ಕೈ ಕಾಸ್ಕೋ," ಅಂದರು ಅತ್ತೆ.

"ಬೆನ್ನು ನೋಯ್ಲಿಕತ್ತದ ಅವ್ವಾ, ಹಿಂಗೇ ಛಲೋ ಅದ," ಅಂದ.

ಅತ್ತೆ ಬೆಂಕಿಯನ್ನೇ ನೋಡುತ್ತ ಕೂತರು. ಆಮೇಲೆ, ಇದುವರೆಗೆ ಒಮ್ಮೆಯೂ ಆ ದಿನದ ಸುದ್ದಿ ಎತ್ತದಿದ್ದವರು, ಕೇಳಿಯೇಬಿಟ್ಟರು.

"ಅವತ್ತ ಒಳಗ ನೀ ತಿರುಗಿ ನೋಡಿಲ್ಲ, ಹೌದಿಲ್ಲೋ?"

ನಾನು ಗುರುವಿನ ಕಡೆ ನೋಡಿದೆ.

"ಇಲ್ಲವ್ವಾ. ನೋಡಿಲ್ಲ."

"ಛಲೋ ಮಾಡಿದಿ. ನೋಡಿದ್ರ ಹೋಗೋರಿಗೆ ಕಾಲು ಏಳಂಗಿಲ್ಲ."

ಅವನು ಎದ್ದು ಕಟ್ಟಿಗೆ ತರುತ್ತೇನೆ ಅಂತ ಹೊರಗೆ ಹೋದ. ಕಟ್ಟಿಗೆ ಒಳಗೇ ಬೇಕಾದಷ್ಟಿತ್ತು. ಅಂದಿನಿಂದ ಅವನು ಸರಿಯಾಗಿ ಊಟ ಮಾಡುತ್ತಿಲ್ಲ, ಅಮ್ಮನ ಕಣ್ಣಿಗೆ ಕಣ್ಣು ಕೊಡುತ್ತಿಲ್ಲ. ಹೇಳಿಬಿಡು ಅಂದರೆ ಆಗುವುದಿಲ್ಲ ಅನ್ನುತ್ತಾನೆ.

ಈ ವಾರ ಬೇರೇನೋ ಬರೆಯಲು ಕೂತಿದ್ದೆ. ಹಿಂದೆ ಬಂದು ನಿಂತು ಅವನೇ ಹೇಳಿದ: "ಇದನ್ನ ಬರಿ. ನನ್ನ ಬಾಯಿಂದ ಬರಂಗಿಲ್ಲ. ಅವ್ವ ಓದ್ತಾಳ." ಹೌದು, ಓದುತ್ತಾರೆ. ನನ್ನ ಅಂಕಣವನ್ನು ಒಂದು ವಾರವೂ ತಪ್ಪಿಸದೆ ಓದಿ ತಪ್ಪು ಹುಡುಕುವವರು ಯಾರಾದರೂ ಇದ್ದರೆ ಅದು ನನ್ನ ಅತ್ತೆ.

ಉಳಿದವರು ಕ್ಷಮಿಸಿ, ಇಲ್ಲಿಂದ ಮುಂದಿನದು ಒಬ್ಬರೇ ಓದುಗರಿಗೆ.

ಅತ್ತೆ, ಅವನು ನೋಡಿದ್ದಾನೆ. ಇಲ್ಲ ಅಂದದ್ದು ನಿಮಗೆ ಸಂಕಟವಾಗಬಾರದು ಅಂತ. ನೀವು ಇದನ್ನು ಓದುತ್ತಿರುವುದು ಅವನಿಗೆ ಗೊತ್ತು. ಪಕ್ಕದ ರೂಮಿನಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಾನೆ.

ಏನು ಹೇಳುತ್ತೀರಿ ಅವನಿಗೆ?