ಬೀಗ ಹಾಕಿದ ಗೋಡೌನಿನಲ್ಲಿ ಹನ್ನೊಂದು ಕೋಳಿ

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ಅವನ್ನು ನಂಬುತ್ತೇನೆ ಎನ್ನಲಾರೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕಾರಣ ನಿಮಗೆ ಹೊಳೆದರೆ ಹೊಳೆಯಲಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದೆ. ಕುಯ್ಲು ಮುಗಿಯುತ್ತ ಬಂದಿತ್ತು. ತೊಳೆದು ಒಣಗಿಸಿದ ಕಾಫಿಬೀಜದ, ನಾವು ಪಾರ್ಚ್‌ಮೆಂಟ್ ಎನ್ನುವುದರ, ಚೀಲಗಳು ಗೋಡೌನಿನಲ್ಲಿದ್ದವು. ದಿನಾ ಸಂಜೆ ಐದಕ್ಕೆ ಅದಕ್ಕೆ ಬೀಗ ಹಾಕಿ, ಬೀಗದ ಮೇಲೆ ನನ್ನ ಸಹಿಯ ಚೀಟಿ ಅಂಟಿಸುತ್ತಿದ್ದೆ. ಚೀಟಿ ಹರಿಯದೆ ಬಾಗಿಲು ತೆಗೆಯಲು ಬರುತ್ತಿರಲಿಲ್ಲ.

ನಮ್ಮ ಕ್ವಾರ್ಟರ್ಸ್ ಹಿಂದೆ ನನ್ನ ಹೆಂಡತಿ ಗಿರಿಜೆ ಹನ್ನೊಂದು ನಾಟಿ ಕೋಳಿ ಸಾಕಿದ್ದಳು. ಅವಳ ತಂಗಿ ಬಾಣಂತನಕ್ಕೆ ನಮ್ಮಲ್ಲಿಗೇ ಬರುವವಳಿದ್ದಳು, ತಾಯಿಯಿಲ್ಲದ ಹುಡುಗಿ. ಅವಳಿಗೆ ಸಾರು ಮಾಡಿ ಹಾಕಲೆಂದೇ ಆ ಕೋಳಿಗಳನ್ನು ಮರಿಯಿಂದ ಬೆಳೆಸಿದ್ದು. ಹಿಂದಿನ ವರ್ಷ ಕಾಡುಬೆಕ್ಕು ಒಂದೇ ರಾತ್ರಿಗೆ ಗೂಡು ಖಾಲಿ ಮಾಡಿತ್ತು. ಹಾಗಾಗಿ ಕತ್ತಲಾಗುವಾಗ ಗಿರಿಜೆ ಎಣಿಸಿ ಗೂಡಿಗೆ ಬಿಡುತ್ತಿದ್ದಳು. ನಾನು ಬಾಗಿಲಿಗೆ ಹಲಗೆಯಿಟ್ಟು, ಕಲ್ಲು ಒರಗಿಸಿ, ಸುತ್ತ ಒಲೆಬೂದಿ ಎರಚುತ್ತಿದ್ದೆ. ರಾತ್ರಿ ಏನು ಬಂದಿತ್ತೆಂದು ಬೂದಿಯ ಮೇಲಿನ ಹೆಜ್ಜೆ ಹೇಳುತ್ತದೆ.

ಆ ಸಂಜೆ ಆರೂವರೆಗೆ ಅವಳು ಎಣಿಸಿದಳು. ನಾನೂ ಎಣಿಸಿದೆ. ಹನ್ನೊಂದು. ಅದೇಕೋ ಮೊದಲು ಬೂದಿ ಎರಚಿದೆ. ಅಷ್ಟರಲ್ಲಿ ಮೇಸ್ತ್ರಿ ಮಂಜಪ್ಪ ಮರುದಿನದ ಆಳುಗಳ ವಿಷಯ ಮಾತಾಡಲು ಬಂದ. ಮಾತಾಡುತ್ತ ಒಳಗೆ ಹೋದೆ. ಹಲಗೆ ಇಡಲೇ ಇಲ್ಲ.

ಬೆಳಗ್ಗೆ ಗಿರಿಜೆಯ ಕೂಗಿಗೆ ಎಚ್ಚರವಾಯಿತು. ಗೂಡಿನಲ್ಲಿ ಒಂದು ಕೋಳಿಯೂ ಇರಲಿಲ್ಲ.

“ಗೋಡೌನಿಗೆ ಚೀಟಿ ಅಂಟಿಸೋಕೆ ನೆನಪಿರ್ತದೆ ನಿಮಗೆ. ನನ್ ಕೋಳಿಗೆ ಒಂದು ಹಲಗೆ ಇಡೋಕೆ ಆಗ್ಲಿಲ್ವಾ?” ಎಂದು ಅತ್ತಳು. ನಾನು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬೂದಿ ನೋಡಿದೆ. ಕಾಡುಬೆಕ್ಕಿನ ಹೆಜ್ಜೆ ಗೂಡಿನೊಳಗೆ ಹೋಗಿತ್ತು, ಹೊರಗೂ ಬಂದಿತ್ತು. ಕೋಳಿಯ ಹೆಜ್ಜೆ ಒಂದೂ ಇರಲಿಲ್ಲ. ಪುಕ್ಕವಿಲ್ಲ, ರಕ್ತವಿಲ್ಲ.

ಆಗ ಮಂಜಪ್ಪ ಓಡಿ ಬಂದ. “ರೈಟ್ರೇ, ನಿಮ್ ಗೋಡೌನು ಮೊಟ್ಟೆ ಇಟ್ಟಂಗೆ ಕೂಗ್ತಿದೆ, ಬನ್ನಿ!”

ಚೀಟಿ ಅಂಟಿಸಿದ ಹಾಗೇ ಇತ್ತು. ನಾನೇ ಹರಿದು ಬೀಗ ತೆಗೆದೆ. ಚೀಲಗಳ ಮೇಲೆ ಹನ್ನೊಂದು ಕೋಳಿಗಳು ಸಾಲಾಗಿ ಕೂತಿದ್ದವು. ಗಿರಿಜೆ ಅಳು ನಿಲ್ಲಿಸುವ ಮೊದಲೇ ನಗತೊಡಗಿದಳು. “ರೈಟ್ರ ಸಹಿ ಇದ್ದ ಕಡೆ ಬೆಕ್ಕು ಬರಲ್ಲ ಅಂತ ಕೋಳಿಗೂ ಗೊತ್ತು ಮಾರಾಯ್ರೆ” ಎಂದ ಮಂಜಪ್ಪ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಎರಡು ದಿನ ಹುಡುಕಿದೆ. ಹೆಂಚು, ಕಿಟಕಿಯ ಜಾಲರಿ, ಗೋಡೆ, ಎಲ್ಲಿಯೂ ಇಲಿ ನುಸುಳುವ ಸಂದಿಯೂ ಸಿಗಲಿಲ್ಲ. ಬೀಗದ ಇನ್ನೊಂದು ಕೈ ಎಸ್ಟೇಟಿನ ಮಾಲೀಕರಾದ ಸಾಹುಕಾರರ ಬಳಿಯಿತ್ತು. ಆ ವಾರ ಅವರು ಊರಲ್ಲೇ ಇರಲಿಲ್ಲ.

ತಂಗಿ ಮಗುವನ್ನೆತ್ತಿಕೊಂಡು ಬಂದಳು. ಆ ಹನ್ನೊಂದರಲ್ಲಿ ಒಂದನ್ನೂ ಮುಟ್ಟಲು ಗಿರಿಜೆ ಬಿಡಲಿಲ್ಲ. ಸಾರಿಗೆ ಸಂತೆಯಿಂದ ಬೇರೆ ಕೋಳಿ ತಂದೆ. “ಕಾಪಾಡಿದ್ದು ಯಾರು ಅಂತ ಗೊತ್ತಾಗ್ಲಿ, ಅವರನ್ನ ಒಂದು ಮಾತು ಕೇಳಿ ಆಮೇಲೆ ಕೊಯ್ಯೋಣ” ಎಂದಳು.

ಗೊತ್ತಾಗಲೇ ಇಲ್ಲ. ಹನ್ನೊಂದೂ ನಮ್ಮ ಅಂಗಳದಲ್ಲೇ ಮುದಿಯಾಗಿ ಸತ್ತವು.