ಹೊಸ್ತಿಲಲ್ಲಿ ನಿಂತು ಓಟು ಕೇಳಬಾರದು

ಕಳೆದ ತಿಂಗಳು ಒಂದು ಶನಿವಾರ ನಾನು ಹಚ್ಚಿದ ಅವಲಕ್ಕಿ ತಿಂದದ್ದಕ್ಕೆ ಬೈಸಿಕೊಂಡೆ.

ಬೈದವರು ಡೊರೊಥಿ. ಎಪ್ಪತ್ತು ದಾಟಿದ ನಿವೃತ್ತ ಸ್ಕೂಲ್ ಟೀಚರ್. ವರ್ಜೀನಿಯಾದ ನಮ್ಮ ಹರ್ನ್‌ಡನ್ನಿನಲ್ಲಿ ಅಧ್ಯಕ್ಷರ ಚುನಾವಣೆಗೆ ಮನೆಮನೆ ಪ್ರಚಾರದ ಉಸ್ತುವಾರಿ ಅವರದು. ಬೈಗುಳವೆಂದರೆ ನಮ್ಮೂರಿನ ಬೈಗುಳವಲ್ಲ. ಕನ್ನಡಕದ ಮೇಲಿಂದ ನೋಡಿ, ಮೂರು ಗಂಟೆಯಲ್ಲಿ ಬರೀ ಏಳು ಮನೆಯೇ ಡಿಯರ್ ಎಂದು ಕೇಳಿದರು, ಅಷ್ಟೆ. ನನಗೆ ಅಷ್ಟೇ ಸಾಕಾಯಿತು.

ಬೇರೆಯವರೆಲ್ಲ ನಲವತ್ತು ಮನೆ ಮುಗಿಸಿ ಬಂದಿದ್ದರು. ನಾನು ಏಳು. ಅದರಲ್ಲೂ ಒಂದೇ ಮನೆಯಲ್ಲಿ ಐವತ್ತು ನಿಮಿಷ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಇಲ್ಲಿ ಓಟಿಲ್ಲ. ಗ್ರೀನ್ ಕಾರ್ಡ್ ಇದೆ, ಪೌರತ್ವ ಇನ್ನೂ ದೂರ. ಟ್ಯಾಕ್ಸ್ ಕಟ್ಟಬಹುದು, ಓಟು ಹಾಕುವಂತಿಲ್ಲ. ಓಟೇ ಇಲ್ಲದವಳಿಗೆ ಈ ಉಸಾಬರಿ ಯಾಕೆ ಅಂತೀರಾ? ನನ್ನ ಗಂಡ ರಘುವೂ ದಿನಾ ಅದನ್ನೇ ಕೇಳುತ್ತಿದ್ದ. ಈ ದೇಶದಲ್ಲಿ ಅಧ್ಯಕ್ಷರನ್ನು ಆರಿಸುವುದು ಟಿ.ವಿ. ಜಾಹೀರಾತು, ಅದೂ ಈ ವರ್ಜೀನಿಯಾದಲ್ಲಿ ನಿಮ್ಮ ಪಾರ್ಟಿ ಗೆದ್ದು ಯಾವ ಕಾಲವಾಯಿತು, ನೀನು ಬೀದಿ ಸುತ್ತಿದರೆ ಸವೆಯುವುದು ನಿನ್ನ ಶೂ ಮಾತ್ರ ಎಂಬುದು ಅವನ ವಾದ. (ಯಾವ ಪಾರ್ಟಿ ಎಂದು ಕೇಳಬೇಡಿ. ಓದುಗರಲ್ಲಿ ಎರಡೂ ಕಡೆಯವರಿದ್ದೀರಿ. ನನಗೆ ಎರಡೂ ಕಡೆಯ ಮನೆಗಳಲ್ಲಿ ಊಟ ಬೇಕು.)

ರಘು ಹಾಗೆಂದದ್ದೇ ತಪ್ಪಾಯಿತು. ನಾನು ಮೈಸೂರಿನವಳು. ನಿಧಾನ ಜಾಸ್ತಿ ಇರಬಹುದು, ಹಟವೇನೂ ಕಮ್ಮಿಯಿಲ್ಲ. ಮರುದಿನವೇ ಹೋಗಿ ಡೊರೊಥಿಯ ಪಟ್ಟಿಯಲ್ಲಿ ಹೆಸರು ಬರೆಸಿದೆ.

ಡೊರೊಥಿಯ ಕಾನೂನು ಬಹಳ ಕಟ್ಟುನಿಟ್ಟು. ಬೆಲ್ ಒತ್ತಬೇಕು. ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ನಗಬೇಕು. ಮೂರು ನಿಮಿಷ ಮಾತಾಡಿ ಕರಪತ್ರ ಕೊಟ್ಟು ಹೊರಡಬೇಕು. ಒಳಗೆ ಮಾತ್ರ ಹೋಗಲೇಬಾರದು. ಏನು ಕೊಟ್ಟರೂ ತಿನ್ನಬಾರದು, ಕುಡಿಯಬಾರದು. ಸರಿ, ಇದರಲ್ಲಿ ಕಷ್ಟವೇನಿದೆ ಎಂದುಕೊಂಡೇ ಹೊರಟೆ.

ದಾರಿ ತಪ್ಪಿ ತಪ್ಪಿ ಎರಡು ಗಂಟೆಯಲ್ಲಿ ಆರು ಮನೆ ಹಾಗೆಯೇ ಆಯಿತು. ಏಳನೆಯದು ಒಂದು ಟೌನ್‌ಹೌಸ್. ಡೊರೊಥಿ ಕೊಟ್ಟ ಮತದಾರರ ಪಟ್ಟಿಯಲ್ಲಿದ್ದ ಹೆಸರು ದೇಶಪಾಂಡೆ ಶಾರದಾ ಗುರುರಾವ್. ಬಾಗಿಲು ತೆಗೆದ ಹೆಂಗಸಿಗೆ ಐವತ್ತರ ಆಸುಪಾಸು. ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿ ಕರಪತ್ರ ನೀಡಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು. ನನ್ನ ಕೊರಳಿನ ಕರಿಮಣಿಯನ್ನೊಮ್ಮೆ ನೋಡಿದರು. ಆಮೇಲೆ ಅಚ್ಚ ಧಾರವಾಡದ ಕನ್ನಡ ಬಂತು.

“ಹೊಸ್ತಿಲ ಮ್ಯಾಲ ಕೊಡೂದು ತಗೊಳ್ಳೂದು ಮಾಡಬಾರದ್ರಿ. ಒಳಗ ಬರ್ರಿ.”

ಈಗ ನೀವೇ ಹೇಳಿ, ನಾನೇನು ಮಾಡಬೇಕಿತ್ತು? ಕಾನೂನಿದೆ ಆಂಟಿ, ಹೊರಗೇ ನಿಲ್ಲುತ್ತೇನೆ ಎನ್ನಬೇಕಿತ್ತೇ? ನಮ್ಮಲ್ಲಿ ಮದುವೆಗೆ ಕರೆಯುವವರು ಲಗ್ನಪತ್ರಿಕೆಯನ್ನು ಬಾಗಿಲಿಗೆ ಸಿಕ್ಕಿಸಿ ಹೋದರೆ ಯಾರಾದರೂ ಆ ಮದುವೆಗೆ ಹೋಗುತ್ತಾರೆಯೇ? ಮದುವೆಗಿಲ್ಲದ ಸಸಾರ ಓಟಿಗೆ ಯಾಕೆ? ಶೂ ಕಳಚಿ ಒಳಗೆ ಹೋದೆ.

ಹೋದ ಮೇಲೆ ಕೇಳಬೇಕೇ. ನಿಮ್ಮದು ಯಾವೂರು, ಮನೆಯಲ್ಲಿ ಯಾರ್‍ಯಾರು, ಅವರ ಮಗಳು ಯಾವ ಕಾಲೇಜು ಎಲ್ಲ ಆಯಿತು. ಅವಲಕ್ಕಿ ಬಂತು, ಚಹಾ ಬಂತು. ಅರ್ಧ ಗಂಟೆಯಾದ ಮೇಲೆ ತೊಡೆಯ ಮೇಲಿದ್ದ ಕರಪತ್ರ ಕಣ್ಣಿಗೆ ಬಿದ್ದು, ಬಂದ ಕೆಲಸ ನೆನಪಾಗಿ, ಓಟು ಹಾಕುತ್ತೀರಲ್ಲ ಆಂಟಿ ಎಂದೆ.

ಶಾರದಾ ಆಂಟಿ ಗ್ಯಾರೇಜಿನ ಕಡೆಗೆ ನೋಡಿದರು. ಅವರ ಯಜಮಾನರು ಗುರುರಾವ್ ದೇಶಪಾಂಡೆಯವರು ಅಲ್ಲಿ ಏನೋ ಕುಟ್ಟುತ್ತಿದ್ದರು. ಆ ಸದ್ದಿನ ಮರೆಯಲ್ಲಿ ಆಂಟಿ ನನಗೆ ಹೇಳಿದ್ದನ್ನು, ಅವರ ಒಪ್ಪಿಗೆ ಪಡೆದೇ, ಹೆಸರು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ, ಪೌರತ್ವ ಸಿಕ್ಕ ಹೊಸದರಲ್ಲಿ, ಆಂಟಿ ಮೊದಲ ಸಲ ಓಟು ಹಾಕಲು ಹೋಗಿದ್ದರು. ಯಜಮಾನರು ತಮ್ಮದನ್ನು ಬೆಳಿಗ್ಗೆಯೇ ಹಾಕಿದ್ದರು. ಸಂಜೆ ಇವರನ್ನು ಓಟು ಹಾಕುವ ಸ್ಕೂಲಿನ ಹತ್ತಿರ ಇಳಿಸಿ ಕಾರಿನಲ್ಲೇ ಕೂತಿದ್ದರು. ಒಳಗೆ ಟೇಬಲ್ಲಿನಾಕೆ ದಪ್ಪ ಪುಸ್ತಕ ತಿರುವಿದರು. ದೇಶಪಾಂಡೆ ಎಂಬ ಹೆಸರಿನಲ್ಲಿ ಒಬ್ಬ ಗುರುರಾವ್ ಇದ್ದಾರೆ, ಶಾರದಾ ಯಾರೂ ಇಲ್ಲ ಎಂದರು. ಇನ್ನೊಮ್ಮೆ ತಿರುವಿದರು. ಇಲ್ಲ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಯಾರೋ ಉಸ್ ಎಂದರು. ಆಂಟಿ ಸಾರಿ ಹೇಳಿ ವಾಪಸ್ ಬಂದುಬಿಟ್ಟರು. (ಸಾರಿ ಹೇಳಬೇಕಾದವರು ಯಾರು, ಹೇಳಿದವರು ಯಾರು!) ಕಾರು ಹತ್ತಿದಾಗ ಯಜಮಾನರು ಆತೇನು ಎಂದು ಕೇಳಿದರು. ಇವರು ಆತು ಎಂದರು.

“ನಮ್ಮಾಕಿ ಪ್ರೆಸಿಡೆಂಟ್‌ಗ ಓಟ್ ಹಾಕ್ಯಾಳ ಅಂತ ಎಲ್ಲಾರ ಮುಂದ ಹೇಳ್ತಾರ್ರಿ. ನನಗ ಭೂಮಿ ಬಾಯಿ ಬಿಡಬಾರದಾ ಅನಸ್ತದ.”

ಈ ಸಲ ಜ್ವರ ಎಂದು ಮಲಗುವುದೆಂದು ಆಗಲೇ ತೀರ್ಮಾನಿಸಿದ್ದರು. ನನಗೆ ಮೊದಲು ಕೋಪ ಬಂತು. ಆಮೇಲೆ ತಲೆ ಓಡಿತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನಾನು ಈ ಮನೆಗೆ ಬರುತ್ತಿದ್ದುದಾದರೂ ಹೇಗೆ? ಹಾಳೆ ತೆಗೆದು ತೋರಿಸಿದೆ. ಅಡ್ಡಹೆಸರಿನ ಜಾಗದಲ್ಲಿ ಇದ್ದದ್ದು ದೇಶಪಾಂಡೆ ಅಲ್ಲ, ಗುರುರಾವ್.

ಕೆದಕಿದರೆ ಎಲ್ಲ ಹೊರಬಂತು. ಓಟಿನ ಪಟ್ಟಿಗೆ ಸೇರುವ ಯಜಮಾನರ ಫಾರ್ಮನ್ನು ಅವರ ಆಫೀಸಿನವರು ತುಂಬಿದ್ದರು, ಅದು ಸರಿಯಾಗಿತ್ತು. ಹೆಂಡತಿಯದನ್ನು ಯಜಮಾನರೇ ತುಂಬಿದ್ದು. ಊರಿನ ರೇಷನ್ ಕಾರ್ಡಿನಲ್ಲಿ ಬರೆಯುವ ಹಾಗೆ ಮೊದಲು ಮನೆತನ, ಆಮೇಲೆ ಹೆಸರು, ಕೊನೆಗೆ ಗಂಡನ ಹೆಸರು. ಇಲ್ಲಿಯವರು ಕೊನೆಯದೇ ಅಡ್ಡಹೆಸರು ಎಂದುಕೊಂಡು ಆಂಟಿಯನ್ನು ಜಿ ಅಕ್ಷರದ ಪುಟಕ್ಕೆ ಕಳಿಸಿದ್ದರು. ಆಂಟಿ ಹಾಳೆಯ ಮೇಲೆ ಬೆರಳಿಟ್ಟು ತಮ್ಮ ಹೆಸರನ್ನು ಮೂರು ಸಲ ಓದಿದರು.

“ಅಂದ್ರ ನಾ ಅದರಾಗ ಇದ್ನೇನ್ರಿ?”

ಇದ್ದಿರಿ ಆಂಟಿ, ಆವತ್ತೂ ಇದ್ದಿರಿ ಎಂದೆ.

ಇಷ್ಟನ್ನೂ ಡೊರೊಥಿಗೆ ವಿವರಿಸಿದೆ. ಕಥೆ ಕೇಳಿ ಕರಗಿಬಿಡುತ್ತಾರೆ ಎಂದುಕೊಂಡಿದ್ದೆ. ಅವರೇನೂ ಕರಗಲಿಲ್ಲ. ಆ ಐವತ್ತು ನಿಮಿಷದಲ್ಲಿ ನೀನು ತಟ್ಟದೆ ಬಿಟ್ಟ ಬಾಗಿಲುಗಳ ಹಿಂದೆಯೂ ಇಂಥ ಒಬ್ಬಳು ಇದ್ದಿರಬಹುದಲ್ಲ ಎಂದರು. ಆದರೂ ಓಟಿನ ದಿನ ಆ ಸ್ಕೂಲಿನ ಹೊರಗೆ ಕರಪತ್ರ ಹಂಚುವ ಡ್ಯೂಟಿಯನ್ನು ನನಗೇ ಕೊಟ್ಟರು. ಮುಂದಿನ ವಾರಗಳಲ್ಲಿ ನಾನು ಬಿಟ್ಟ ಮನೆಗಳನ್ನೆಲ್ಲ ಸಂಜೆ ಆಫೀಸಾದ ಮೇಲೆ ಮುಗಿಸಿದೆ. ಕಾಲು ಊದಿಕೊಂಡದ್ದನ್ನು ರಘುವಿಗೆ ತೋರಿಸಲಿಲ್ಲ.

ಓಟಿನ ದಿನ ಅರ್ಧ ದಿನ ರಜೆ ಹಾಕಿ ಸ್ಕೂಲಿನ ಹತ್ತಿರ ನಿಂತೆ. ಪ್ರಚಾರದವರು ಬಾಗಿಲಿನಿಂದ ನಲವತ್ತು ಅಡಿ ದೂರವಿರಬೇಕು. ಆಂಟಿಯ ಜೊತೆ ಒಳಗೆ ಹೋಗುವಂತಿಲ್ಲ. ಸೀರೆಯ ಮೇಲೆ ಕೋಟು ಹಾಕಿಕೊಂಡು ಅವರು ಬಂದರು. ನನ್ನ ಕಡೆ ನೋಡಿ ತಲೆಯಾಡಿಸಿ ಒಳಗೆ ಹೋದರು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಅವರ ಹಿಂದೆ ಹೋದವರೆಲ್ಲ ಹೊರಗೆ ಬಂದರು. ಗುರುರಾವ್ ಅಂಕಲ್ ಕಾರಿನ ಗಾಜಿಳಿಸಿ, ಹೋದ ಸಲ ಐದೇ ಮಿನಿಟಿನಾಗ ಬಂದಿದ್ಲಲ್ಲ, ಈ ಸಲ ಏನಾತು ಎಂದು ನನ್ನನ್ನು ಕೇಳಿದರು. ನಾನು ಕರಪತ್ರ ಜೋಡಿಸತೊಡಗಿದೆ. ಮತ್ತೆ ಸಾರಿ ಹೇಳಿ ಬಂದುಬಿಟ್ಟರೆ ಈ ಜನ್ಮದಲ್ಲಿ ಆಂಟಿ ಓಟು ಹಾಕುವುದಿಲ್ಲ, ಅದು ನನಗೆ ಖಂಡಿತ ಗೊತ್ತಿತ್ತು.

ಬಂದರು. ಒಳಗೆ ಹೆಸರು ಕೇಳಿದಾಗ ಅಭ್ಯಾಸಬಲದಿಂದ ಬಾಯಲ್ಲಿ ದೇಶಪಾಂಡೆ ಎಂದೇ ಬಂದುಬಿಟ್ಟಿತಂತೆ. ಟೇಬಲ್ಲಿನಾಕೆ ಇಲ್ಲ ಎಂದರಂತೆ. ಹಿಂದೆ ಕ್ಯೂ. ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತಂತೆ. ಅಲ್ಲೇ ನಿಂತು, ಜಿ ಅಕ್ಷರ ನೋಡಿ, ನಾನು ಅಲ್ಲಿದ್ದೇನೆ ಎಂದರಂತೆ. ಸಿಕ್ಕಿತು. ಹೆಸರು ವಿಳಾಸ ಎರಡನ್ನೂ ಗಟ್ಟಿಯಾಗಿ ಓದುವುದು ಅಲ್ಲಿನ ಪದ್ಧತಿ. ಆಕೆ ಹೆಸರನ್ನು ಚಿತ್ರಾನ್ನ ಮಾಡಿ ಓದಿದರೂ ಇಡೀ ಹಾಲಿಗೆ ಕೇಳಿಸಿತಂತೆ. ಆಮೇಲೆ ಆ ಯಂತ್ರದ ಮುಂದೆ ನಿಂತು ಒಂದೊಂದೇ ಹೆಸರು ಓದಿದರಂತೆ, ಯಾವ ಅವಸರವೂ ಇಲ್ಲದೆ.

ಅಂಕಲ್ ಆತೇನು ಎಂದು ಕೇಳಿದರು. ಆತು ಎಂದರು ಆಂಟಿ, ಈ ಸಲ ಅವರ ಮುಖ ನೋಡಿ.

ಫಲಿತಾಂಶ ನಿಮಗೆ ಗೊತ್ತೇ ಇದೆ. ನಾವು ದೇಶದಲ್ಲಿ ಗೆದ್ದೆವು, ವರ್ಜೀನಿಯಾದಲ್ಲಿ ಸೋತೆವು. (ಪಾರ್ಟಿ ಯಾವುದೆಂದು ಈಗ ಗೊತ್ತಾಯಿತಲ್ಲ. ಅರ್ಧ ಊಟ ಖೋತಾ.) ನಿನ್ನ ಆಂಟಿಯ ಓಟಿನಿಂದ ಏನಾಯಿತು, ಗೆಲ್ಲಿಸಿದ್ದು ಟಿ.ವಿ.ಯೇ ಎಂದು ರಘು ಇವತ್ತಿಗೂ ಛೇಡಿಸುತ್ತಾನೆ. ಇರಬಹುದು. ನಾಲ್ಕು ವರ್ಷ ಬಿಟ್ಟು ನಾನು ಮತ್ತೆ ಬೆಲ್ ಒತ್ತುವವಳೇ, ಆಗ ನನಗೆ ಓಟಿರಲಿ ಬಿಡಲಿ. ಅವನಿಗೆ ನನ್ನದು ಒಂದೇ ಪ್ರಶ್ನೆ. ದಿನಕ್ಕೆ ಹತ್ತಾರು ಸಲ ಆ ಟಿ.ವಿ. ಆಂಟಿಯ ಮನೆಯೊಳಗೇ ಕೂತು ಓಟು ಕೇಳಿತಲ್ಲ, ಹೋದ ಸಲ ಯಾಕೆ ವಾಪಸ್ ಬಂದಿರಿ ಎಂದು ಒಂದು ಸಲವಾದರೂ ಕೇಳಿತೇ?